ನರಕದ ಪಟ್ಟಿ ಬರೆಯುವ ಕೈ ಯಾರದು?

ಶ್ರೀರಂಗಪಟ್ಟಣವನ್ನು ದಾಟಿ ಬಂದ ಕಾವೇರಿ ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡು, ಸೋಸಲೆಯನ್ನು ಹಾದು, ಮುಡುಕುತೊರೆಯ ಬೆಟ್ಟದ ಬುಡದಲ್ಲಿ ಮುರಿದು ತಿರುಗುತ್ತದೆ. ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ. ತಲಕಾಡಿನ ಪಂಚಲಿಂಗಗಳಲ್ಲಿ ಇದೂ ಒಂದು. ಚಳಿ ಹಿಂದೆ ಸರಿಯುವ ಹೊತ್ತಿಗೆ ಇಲ್ಲಿ ನಡೆಯುವ ಜಾತ್ರೆಗೆ ಸುತ್ತಲಿನ ರೈತರು ಜೋಡೆತ್ತು ಹೊಡೆದುಕೊಂಡು ಬರುತ್ತಾರೆ. ಹಲ್ಲು ಹಿಡಿದು ನೋಡಿ ಬೆಲೆ ಕಟ್ಟುವವರು, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವವರು, ಹರಕೆ ತೀರಿಸಲು ಮೆಟ್ಟಿಲು ಹತ್ತುವ ಹೆಂಗಸರು, ಪುರಿ ಬತ್ತಾಸು ಮಾರುವವರು. ನಮ್ಮ ನಾಡಿನ ಯಾವ ಜಾತ್ರೆಯಲ್ಲೂ ಕಾಣುವ ಜನ.

ಈ ಜನ ಸತ್ತ ಮೇಲೆ ಎಲ್ಲಿಗೆ ಹೋಗುತ್ತಾರೆ? ಪ್ರಶ್ನೆ ಒರಟಾಗಿದೆ, ಬಲ್ಲೆ. ಆದರೆ ಸುಮಾರು ಇನ್ನೂರು ವರ್ಷಗಳ ಹಿಂದೆ ಇದೇ ನದಿಯ ಮೇಲ್ಭಾಗದಲ್ಲಿ ವಾಸವಾಗಿದ್ದ ಒಬ್ಬ ಪಾದ್ರಿ ಅದಕ್ಕೆ ಲಿಖಿತವಾಗಿಯೇ ಉತ್ತರ ಕೊಟ್ಟುಬಿಟ್ಟರು. ಅವರ ಹೆಸರು ಝಾನ್ ಆಂತ್ವಾನ್ ದ್ಯುಬ್ವಾ. ನಮ್ಮಲ್ಲಿ ಅಬ್ಬೆ ಡುಬಾಯ್ ಎಂದೇ ಪರಿಚಿತರು. 1766ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಫ್ರೆಂಚ್ ಕ್ರಾಂತಿಯ ಗದ್ದಲದ ಕಾಲದಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಮೈಸೂರು ಸೀಮೆಯಲ್ಲಿ ನೆಲೆನಿಂತವರು. ರುಮಾಲು ನಿಲುವಂಗಿ ತೊಟ್ಟು, ಸಸ್ಯಾಹಾರಿಯಾಗಿ, ಊರವರ ಹಾಗೆಯೇ ಬದುಕಿದವರು. ಶ್ರೀರಂಗಪಟ್ಟಣದ ಹತ್ತಿರದ ಪಾಲಹಳ್ಳಿಯ ಕಡೆ ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರಂತೆ. ಹಿಂದೂಗಳ ನಡೆನುಡಿ, ಆಚಾರ, ಸಮಾರಂಭಗಳ ಬಗ್ಗೆ ಅವರು ಬರೆದ ಗ್ರಂಥವನ್ನು ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. (ಅದರ ಬಹುಭಾಗ ಕೂರ್ದೂ ಎಂಬ ಹಳೆಯ ಜೆಸ್ವಿಟ್ ಪಾದ್ರಿಯ ಹಸ್ತಪ್ರತಿಯಿಂದ ಬಂದದ್ದೆಂದು ಸಿಲ್ವಿಯಾ ಮೂರ್ ಎಂಬ ಸಂಶೋಧಕಿ 1987ರಲ್ಲಿ ತೋರಿಸಿಕೊಟ್ಟರು. ಅದು ಬೇರೆಯೇ ಕಥೆ.) ನಂಜನಗೂಡಿನ ದೇವಸ್ಥಾನವನ್ನೂ, ಮುಡುಕುತೊರೆಗೆ ದೂರವಲ್ಲದ ಮೂಗೂರಿನ ದೇವಿಯ ಉತ್ಸವವನ್ನೂ ಆ ಗ್ರಂಥ ವರ್ಣಿಸುತ್ತದೆ, ವರ್ಣಿಸುವ ಧಾಟಿಯಲ್ಲಿ ಅಸಹ್ಯವೇ ಹೆಚ್ಚು.

ನಾನಿಲ್ಲಿ ಹೇಳಹೊರಟಿರುವುದು ಅವರ ಇನ್ನೊಂದು ಪುಸ್ತಕದ ಬಗ್ಗೆ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಗತಿ ಕುರಿತ ಪತ್ರಗಳ ಸಂಗ್ರಹ ಅದು. ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತು ಎಂಬುದು ಅದರ ವಾದ. ಇಷ್ಟು ಮಾತ್ರವಾಗಿದ್ದರೆ ಅದೊಂದು ವರದಿ, ಸೋತವನೊಬ್ಬನ ಪ್ರಾಮಾಣಿಕ ವರದಿ ಎನ್ನಬಹುದಿತ್ತು. ಇಪ್ಪತ್ತೈದು ವರ್ಷ ದುಡಿದರೂ ತಮ್ಮಿಂದಾದದ್ದು ಇನ್ನೂರು ಮುನ್ನೂರು ಮಂದಿಯ ಮತಾಂತರ, ಅದೂ ಬಹುಪಾಲು ನಿರ್ಗತಿಕರು ಮತ್ತು ಏನಾದರೂ ಲಾಭಕ್ಕೆ ಬಂದವರು ಎಂದು ಅವರು ಒಪ್ಪಿಕೊಳ್ಳುತ್ತಾರೆ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಸ್ವರ್ಗದ ದನಿಗೆ ಹಟ ಹಿಡಿದು ಕಿವಿ ಮುಚ್ಚಿಕೊಂಡ ಈ ಜನ ದೇವರ ಕರುಣೆಗೆ ಎಂದೆಂದಿಗೂ ಅನರ್ಹರಾಗಿದ್ದಾರೆ, ಶಾಶ್ವತ ಶಾಪದ ಕೆಳಗೆ ಬಿದ್ದಿದ್ದಾರೆ ಎಂಬ ತೀರ್ಮಾನಕ್ಕೆ ಬಂದರು.

ಈ ಒಂದು ತೀರ್ಮಾನದಲ್ಲಿ ಎರಡು ಮಾತು ಹೊಲಿದುಕೊಂಡಿರುವುದನ್ನು ಗಮನಿಸಬೇಕು. ಹಟ ಹಿಡಿದವರು ಜನ. ಆದ್ದರಿಂದ ತಪ್ಪು ಅವರ ಇಚ್ಛೆಯದು. ಶಾಪ ಶಾಶ್ವತ; ಆದ್ದರಿಂದ ಇನ್ನು ಮುಂದೆ ಅವರು ಇಚ್ಛೆಪಟ್ಟರೂ ಪ್ರಯೋಜನವಿಲ್ಲ. ಅಪರಾಧ ಹೊರಿಸುವಾಗ ಮನುಷ್ಯ ಸ್ವತಂತ್ರ, ಶಿಕ್ಷೆ ವಿಧಿಸುವಾಗ ಮಾತ್ರ ಎಲ್ಲವೂ ದೈವನಿರ್ಣಯ! ಕ್ರೈಸ್ತ ದೇವತಾಶಾಸ್ತ್ರ ಸಾವಿರದ ಆರುನೂರು ವರ್ಷಗಳಿಂದ ಬಿಡಿಸಲು ಒದ್ದಾಡಿದ ಗಂಟು ಇದೇ.

ಗಂಟಿನ ಒಂದು ತುದಿ ಸಂತ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿದೆ. ಒಂದೇ ಮಣ್ಣಿನಿಂದ ಒಂದನ್ನು ಗೌರವದ ಪಾತ್ರೆಯಾಗಿಯೂ ಇನ್ನೊಂದನ್ನು ಹೀನ ಬಳಕೆಯ ಪಾತ್ರೆಯಾಗಿಯೂ ಮಾಡುವ ಹಕ್ಕು ಕುಂಬಾರನಿಗಿಲ್ಲವೇ ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಇದನ್ನು ಹಿಡಿದು ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ (354-430) ಕಠೋರವಾದ ತತ್ವವೊಂದನ್ನು ಕಟ್ಟಿದರು: ಆದಮನ ಪಾಪದಿಂದಾಗಿ ಮಾನವಕುಲವೆಲ್ಲ ದಂಡನೆಗೆ ಅರ್ಹವಾದ ಒಂದು ಮುದ್ದೆ, ಅದರಿಂದ ಕೆಲವರನ್ನು ದೇವರು ಕೃಪೆಯಿಂದ ಎತ್ತಿಕೊಳ್ಳುತ್ತಾನೆ, ಉಳಿದವರನ್ನು ಬಿಟ್ಟುಬಿಡುತ್ತಾನೆ. ಸಾವಿರ ವರ್ಷಗಳ ನಂತರ ಜಾನ್ ಕ್ಯಾಲ್ವಿನ್ (1509-1564) ಉಳಿದ ಅರ್ಧವನ್ನೂ ಬಾಯಿಬಿಟ್ಟು ಹೇಳಿದರು. ಬಿಡುವುದಷ್ಟೇ ಅಲ್ಲ, ಯಾರು ನರಕಕ್ಕೆಂಬುದೂ ಜಗತ್ತು ಹುಟ್ಟುವ ಮೊದಲೇ ದೇವರ ಇಚ್ಛೆಯಿಂದ ನಿಗದಿಯಾಗಿದೆ ಎಂದರು. ಅದು ಭಯಾನಕ ನಿರ್ಣಯವೆಂದು ಸ್ವತಃ ಕ್ಯಾಲ್ವಿನ್ನರೇ ಒಪ್ಪಿದ್ದರು. 1618-19ರಲ್ಲಿ ಹಾಲೆಂಡಿನ ಡಾರ್ಟ್ ನಗರದಲ್ಲಿ ಸೇರಿದ ಧರ್ಮಸಭೆ ದೇವರ ಈ ಪೂರ್ವನಿರ್ಣಯವನ್ನು ಅಧಿಕೃತ ಸಿದ್ಧಾಂತವಾಗಿ ಒಪ್ಪಿಕೊಂಡು, ಮನುಷ್ಯನ ಇಚ್ಛೆಗೂ ಒಂದಿಷ್ಟು ಜಾಗ ಬೇಕೆಂದ ಅರ್ಮೀನಿಯಸನ ಅನುಯಾಯಿಗಳನ್ನು ಹೊರಹಾಕಿತು.

ಆದರೆ ಡುಬಾಯ್ ಕ್ಯಾಲ್ವಿನ್ ಪಂಥದವರಲ್ಲವಲ್ಲ! ಅವರು ರೋಮಿನ ಕೆಥೊಲಿಕ್ ಪಾದ್ರಿ. ದೇವರೇ ಕೆಲವರನ್ನು ಕೇಡಿಗೆಂದು ನೇಮಿಸಿದ್ದಾನೆ ಎಂಬ ಬೋಧನೆಯನ್ನು 1547ರಲ್ಲಿ ಟ್ರೆಂಟ್ ಮಹಾಸಭೆ ಖಂಡಿಸಿತ್ತು. 9ನೇ ಶತಮಾನದಲ್ಲಿ ಗಾಟ್‌ಶಾಕ್ ಎಂಬ ಸನ್ಯಾಸಿ ಇಂಥದೇ ಬೋಧನೆ ಮಾಡಿದ್ದಕ್ಕೆ ಚರ್ಚು ಅವನಿಗೆ ಚಾಟಿಯೇಟು ಕೊಟ್ಟು ಮಠದಲ್ಲಿ ಕೂಡಿಹಾಕಿತ್ತು. ಕ್ರಿಸ್ತ ಎಲ್ಲರಿಗಾಗಿ ಸತ್ತನೆನ್ನುವುದು ತಪ್ಪೆಂಬ ಅರ್ಥದ ಮಾತನ್ನು 1653ರಲ್ಲಿ ಪೋಪ್ ನಿಷೇಧಿಸಿದ್ದರು. ಇಷ್ಟೆಲ್ಲ ಆದ ಚರ್ಚಿನ ಪಾದ್ರಿಯೊಬ್ಬರು ಒಂದು ಇಡೀ ದೇಶವನ್ನು ಶಾಶ್ವತ ಶಾಪದ ಖಾತೆಗೆ ಬರೆದರು. ಅವರ ಚರ್ಚು ಗಾಟ್‌ಶಾಕನ ಮೇಲೆ ಮುಚ್ಚಿದ ಬಾಗಿಲನ್ನೇ ಅವರು ಕಾವೇರಿ ತೀರದಲ್ಲಿ ತೆರೆದರು.

ಕೆಥೊಲಿಕರೊಳಗೂ ಈ ಗಂಟು ಬಿಚ್ಚಿರಲಿಲ್ಲವೆಂಬುದು ನಿಜ. 16ನೇ ಶತಮಾನದ ಕೊನೆಗೆ ಜೆಸ್ವಿಟರಿಗೂ ಡೊಮಿನಿಕನರಿಗೂ ಕೃಪೆ ಮತ್ತು ಇಚ್ಛಾಸ್ವಾತಂತ್ರ್ಯದ ಮೇಲೆ ಜಗಳ ಹತ್ತಿತು. ಯಾವ ಸನ್ನಿವೇಶದಲ್ಲಿ ಯಾವ ಮನುಷ್ಯ ಸ್ವತಂತ್ರವಾಗಿ ಏನು ಮಾಡುವನೆಂದು ದೇವರು ಮೊದಲೇ ಬಲ್ಲ, ಆ ಅರಿವಿನಿಂದಲೇ ಜಗತ್ತನ್ನು ನಡೆಸುತ್ತಾನೆ ಎಂದು ಲೂಯಿಸ್ ದ ಮೊಲಿನಾ ಎಂಬ ಜೆಸ್ವಿಟ್ 1588ರಲ್ಲಿ ಬರೆದಿದ್ದ. ಅದು ದೇವರ ಪರಮಾಧಿಕಾರಕ್ಕೆ ಕುಂದೆಂದು ಡೊಮಿನಿಕನರು ದೂರು ಕೊಟ್ಟರು. ರೋಮಿನಲ್ಲಿ ಸುಮಾರು ಒಂಬತ್ತು ವರ್ಷ ವಿಚಾರಣೆ ನಡೆಯಿತು. ಕೊನೆಗೆ 1607ರಲ್ಲಿ ಪೋಪ್ ಐದನೆಯ ಪೌಲ್ ಯಾವ ಕಡೆಗೂ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಧರ್ಮದ್ರೋಹಿಗಳೆನ್ನದಂತೆ ಹೇಳಿ ಕಳುಹಿಸಿದರು. ಕಾಯುತ್ತಿರಿ ಎಂದದ್ದು ಇನ್ನೂ ಕಾಯಿಸುತ್ತಲೇ ಇದೆ! ನನಗೆ ಅದು ಆ ಪೋಪರ ಬುದ್ಧಿವಂತಿಕೆಯಾಗಿಯೇ ಕಾಣುತ್ತದೆ. ಯಾವುದನ್ನು ರೋಮಿನ ಪಂಡಿತರ ಸಭೆ ಒಂಬತ್ತು ವರ್ಷ ಕೂತರೂ ನಿರ್ಣಯಿಸಲಾರದೆ ಹೋಯಿತೋ ಅದನ್ನು ಡುಬಾಯ್ ಒಂದು ಪತ್ರದಲ್ಲಿ ಮುಗಿಸಿದರು.

ಹಾಗಾದರೆ ಅವರಿಗೆ ಆ ಧೈರ್ಯ ಎಲ್ಲಿಂದ ಬಂತು? ಶಾಸ್ತ್ರದಿಂದ ಬಂದದ್ದಲ್ಲ, ಸೋಲಿನಿಂದ ಬಂದದ್ದೆಂದು ನನ್ನ ವಾದ. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ; ಇಲ್ಲಿ ಅಂಗಳವನ್ನು ಡೊಂಕು ಮಾಡಿದವನು ದೇವರೇ ಎಂದಾಯಿತು. ವಿಚಿತ್ರವೆಂದರೆ ಸೋಲಿನ ಕಾರಣಗಳನ್ನು ಆ ಪತ್ರಗಳಲ್ಲಿ ಅವರೇ ಬಿಡಿಸಿ ಹೇಳಿದ್ದಾರೆ. ಮೊದಲ ಮಿಷನರಿಗಳು ಬ್ರಾಹ್ಮಣ ಸನ್ಯಾಸಿಗಳ ವೇಷದಲ್ಲಿ ಬಂದಿದ್ದು. ಅವರೂ ಫರಂಗಿಗಳೇ ಎಂದು ಜನಕ್ಕೆ ಗೊತ್ತಾದದ್ದು. ಇಲ್ಲಿಗೆ ಬಂದ ಯುರೋಪಿಯನ್ನರ ಕುಡಿತ ಮತ್ತು ದುರಾಚಾರ. ಸ್ಥಳೀಯ ಆಚಾರಗಳ ಬಗ್ಗೆ ಪಾದ್ರಿಗಳೊಳಗೇ ಎದ್ದ ಜಗಳ. ಅದು 1744ರ ಪೋಪರ ಆಜ್ಞೆಯಲ್ಲಿ ಕೊನೆಗೊಂಡದ್ದು. 1773ರಲ್ಲಿ ಜೆಸ್ವಿಟ್ ಸಂಘವನ್ನೇ ಮುಚ್ಚಿದ್ದು. ತಪ್ಪಿಹೋದ ಮಗನ ಕಥೆಯಲ್ಲಿ ಕೊಬ್ಬಿಸಿದ ಕರುವನ್ನು ಕಡಿಯುವ ಸಂಗತಿ ಇಲ್ಲಿನ ಕೇಳುಗರಿಗೆ ಹೇಸಿಗೆ ತರುತ್ತದೆಂಬುದನ್ನೂ ಅವರು ಬಿಟ್ಟಿಲ್ಲ. ಇವೆಲ್ಲ ಮನುಷ್ಯರು ಮಾಡಿದ ಕೆಲಸಗಳು. ಇಷ್ಟನ್ನೂ ಪಟ್ಟಿ ಮಾಡಿದ ಮೇಲೆ, ಹಾಳಾದದ್ದಕ್ಕೆ ಹೊಣೆ ಮಾತ್ರ ದೈವಶಾಪ!

ಮುಡುಕುತೊರೆಯ ಕಡೆಯವರಿಗೆ ಈ ತರ್ಕ ಹೊಸದಲ್ಲ. ಪಕ್ಕದ ತಲಕಾಡು ಮರಳಾದದ್ದು, ಮಾಲಂಗಿ ಮಡುವಾದದ್ದು, ಮೈಸೂರು ಅರಸರಿಗೆ ಮಕ್ಕಳಾಗದಿದ್ದದ್ದು ಅಲಮೇಲಮ್ಮನ ಶಾಪದಿಂದ ಎಂದು ಮಗುವಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದಾಗ ಒಡವೆಗಾಗಿ ಬೆನ್ನಟ್ಟಿಸಿಕೊಂಡ ರಾಣಿ ನದಿಗೆ ಹಾರುತ್ತಾ ಇಟ್ಟ ಶಾಪ. ಆ ಹೆಂಗಸಿನ ಸಂಕಟಕ್ಕೆ ಯಾರ ಕರುಳಾದರೂ ಮಿಡಿಯಬೇಕು. ಆದರೆ ಕೇಳಿ: ಒಡವೆಯಾಸೆ ಅರಸರದು, ತಲಕಾಡಿನ ರೈತ ಮಾಡಿದ್ದೇನು? ಮುನ್ನೂರು ವರ್ಷಗಳ ನಂತರ ಹುಟ್ಟಬೇಕಾಗಿದ್ದ ಮಗು ಮಾಡಿದ್ದೇನು? ಆದಮನ ತಪ್ಪಿಗೆ ತೊಟ್ಟಿಲ ಕೂಸು ಅಪರಾಧಿಯೆನ್ನುವ ಅಗಸ್ಟೀನರ ಮಾತನ್ನು ಕೇಳಿದಾಗ ನನಗೆ ಮಾಲಂಗಿಯ ಮಡು ನೆನಪಾಗುತ್ತದೆ. ದೀಕ್ಷಾಸ್ನಾನವಾಗದೆ ಸತ್ತ ಶಿಶುಗಳಿಗೆ ನರಕವೇ ಎಂದು ಅಗಸ್ಟೀನ್ ಹೇಳಿದ್ದರು, ಅತಿ ಮೆದುವಾದ ಶಿಕ್ಷೆ ಎಂಬ ಸಮಾಧಾನದೊಂದಿಗೆ. ಮಧ್ಯಯುಗದ ಪಂಡಿತರು ಅದನ್ನು ಸಹಿಸಲಾರದೆ ಲಿಂಬೋ ಎಂಬ ನೋವಿಲ್ಲದ ನಡುಮನೆಯೊಂದನ್ನು ಕಲ್ಪಿಸಿದರು. 2007ರಲ್ಲಿ ವ್ಯಾಟಿಕನ್ನಿನ ದೇವತಾಶಾಸ್ತ್ರ ಆಯೋಗ, ಆ ಮಕ್ಕಳೂ ರಕ್ಷಣೆ ಹೊಂದುವರೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದು ಹೇಳಿತು. ಎಷ್ಟು ಶತಮಾನ ಎಷ್ಟು ತಾಯಂದಿರು ಕಣ್ಣೀರಿಟ್ಟ ಮೇಲೆ!

ತಲಕಾಡಿನ ಮರಳಿಗೆ ಇನ್ನೊಂದು ವಿವರಣೆ ಇದೆಯೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 14ನೇ ಶತಮಾನದಲ್ಲಿ ಹತ್ತಿರದಲ್ಲೇ ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟೆಯಿಂದ ನೀರಿನ ಹರಿವು ತಗ್ಗಿ, ನದಿಯ ತಿರುವಿನಲ್ಲಿ ಮರಳು ಬಯಲಾಗಿ, ಗಾಳಿಗೆ ಊರ ಮೇಲೆ ಏರಿತೆಂಬುದನ್ನು ವಿಜ್ಞಾನಿ ಕೆ.ಎನ್. ಗಣೇಶಯ್ಯನವರು 2007ರ ಲೇಖನವೊಂದರಲ್ಲಿ ಚರ್ಚಿಸಿದ್ದಾರೆ. ಶಾಪವನ್ನು ದೂರುವ ಮುಂಚೆ ಅಣೆಕಟ್ಟೆಯನ್ನು ನೋಡಬೇಕು. ಡುಬಾಯ್ ತಮ್ಮ ಅಣೆಕಟ್ಟೆಯನ್ನು ತಾವೇ ತೋರಿಸಿ, ಆಮೇಲೆ ಶಾಪದ ಕಥೆ ಹೇಳಿದರು.

ಈಗ ಮುಸ್ಲಿಮ್ ಓದುಗರಿಗೆ ಇರುಸುಮುರುಸಾಗುವ ಸಂಗತಿಗೆ ಬರಬೇಕು. ಡುಬಾಯ್ ಶ್ರೀರಂಗಪಟ್ಟಣಕ್ಕೆ ಬಂದದ್ದೇ ಟಿಪ್ಪುವಿನ ಕಾಲದಲ್ಲಿ ಬಲವಂತವಾಗಿ ಇಸ್ಲಾಮಿಗೆ ಸೇರಿಸಲ್ಪಟ್ಟ ಕ್ರೈಸ್ತರನ್ನು ಮರಳಿ ಒಟ್ಟುಗೂಡಿಸಲು. 1784ರಲ್ಲಿ ಕರಾವಳಿಯಿಂದ ಸೆರೆಯೊಯ್ದವರ ಸಂಖ್ಯೆಯನ್ನು ಅವರು 60,000 ಎನ್ನುತ್ತಾರೆ. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಸೆರೆಗೆ ರಾಜಕೀಯ ಕಾರಣಗಳೂ ಇದ್ದವು. ಆದರೆ ಟಿಪ್ಪುವಿನ ಬಗ್ಗೆ ನಮಗೆ ಎಷ್ಟೇ ಅಭಿಮಾನವಿರಲಿ, ಸೆರೆಯಾಳಿಗೆ ಸುನ್ನತಿ ಮಾಡಿಸಿ ಮುಸ್ಲಿಮನೆನ್ನುವುದಕ್ಕೆ ಕುರ್‌ಆನಿನಲ್ಲಿ ಜಾಗವಿಲ್ಲ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ಎರಡನೇ ಅಧ್ಯಾಯದಲ್ಲೇ ಅದು ಸಾರಿದೆ. ಹತ್ತೂ ಕಡೆ ಈ ವಚನವನ್ನು ಭಾಷಣದಲ್ಲಿ ಹೇಳುವ ನಾವು ಶ್ರೀರಂಗಪಟ್ಟಣದ ಸೆರೆಮನೆಯ ಮುಂದೆ ನಿಂತಾಗ ಅದನ್ನು ನುಂಗಿಕೊಳ್ಳಬಾರದು.

ಆ ಸೆರೆಯಾಳುಗಳ ಬಗ್ಗೆ ಡುಬಾಯ್ ಏನೆಂದರು? ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಧೈರ್ಯವಾಗಿ ತನ್ನ ವಿಶ್ವಾಸವನ್ನು ಸಾರಿ ಹುತಾತ್ಮನಾಗಲಿಲ್ಲವಲ್ಲ, ಎಂಥ ನಾಚಿಕೆಗೇಡು ಎಂದು ಯುರೋಪಿನ ಓದುಗರ ಮುಂದೆ ಹಲುಬಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಅಮ್ಮಾರ್ ಬಿನ್ ಯಾಸಿರ್(ರ). ಮಕ್ಕಾದ ಪ್ರಮುಖರು ಅವರ ತಾಯಿ ಸುಮಯ್ಯಾರನ್ನು ಕೊಂದರು, ಅವರಿಗೆ ಚಿತ್ರಹಿಂಸೆ ಕೊಟ್ಟು ಇಸ್ಲಾಮನ್ನು ನಿರಾಕರಿಸುವ ಮಾತನ್ನು ಬಾಯಿಂದ ಹೊರಡಿಸಿದರು. ಅಳುತ್ತಾ ಬಂದ ಅಮ್ಮಾರರನ್ನು ಪ್ರವಾದಿ(ಸ) ಹೇಡಿ ಎನ್ನಲಿಲ್ಲ. ಮನಸ್ಸು ಹೇಗಿದೆ ಎಂದು ಕೇಳಿ ಸಂತೈಸಿದರು. ಬಲವಂತಕ್ಕೊಳಗಾಗಿ, ಹೃದಯದಲ್ಲಿ ವಿಶ್ವಾಸ ನೆಟ್ಟಿದ್ದವನಿಗೆ ಕುರ್‌ಆನಿನ ಹದಿನಾರನೇ ಅಧ್ಯಾಯ ವಿನಾಯಿತಿ ಕೊಟ್ಟಿತು. ಶ್ರೀರಂಗಪಟ್ಟಣದ ಆ ಕೊಂಕಣಿ ಕ್ರೈಸ್ತರೆಲ್ಲ ಅಮ್ಮಾರರೇ. ಅವರನ್ನು ಹಿಂಸಿಸಿದವರು ಅಮ್ಮಾರರ ಹೆಸರು ಹೇಳುವ ನಮ್ಮವರು, ಅವರನ್ನು ಜರೆದವರು ಅವರದೇ ಪಾದ್ರಿ.

ಡುಬಾಯ್‌ರವರ ತಕ್ಕಡಿಯನ್ನು ಈಗ ನೋಡಿ. ಕರಾವಳಿಯ ಕ್ರೈಸ್ತ ಖಡ್ಗದೆದುರು ಬಗ್ಗಿದ. ಅವನ ಇಚ್ಛೆ ಮೆತ್ತಗಾಯಿತು, ತಪ್ಪು. ಮೈಸೂರಿನ ಹಿಂದೂ ಉಪದೇಶದೆದುರು ಬಗ್ಗಲಿಲ್ಲ. ಅವನ ಇಚ್ಛೆ ಗಟ್ಟಿಯಾಯಿತು, ತಪ್ಪು. ತಂದೆತಾಯಿಯ ದೇವರನ್ನು ಬಿಡದ ಅದೇ ಗಟ್ಟಿತನ ಕ್ರೈಸ್ತನಲ್ಲಿದ್ದರೆ ಹುತಾತ್ಮತೆ, ಮೂಗೂರಿನ ಒಕ್ಕಲಿನಲ್ಲಿದ್ದರೆ ಹಟಮಾರಿತನ! ಇಚ್ಛಾಸ್ವಾತಂತ್ರ್ಯವೆಂಬುದು ಇಲ್ಲಿ ಮನುಷ್ಯನ ಘನತೆಗೆ ಇಟ್ಟ ಹೆಸರಲ್ಲ, ಅವನ ಮೇಲೆ ಹೊರಿಸುವ ದೋಷಾರೋಪ ಪಟ್ಟಿ ಅಷ್ಟೇ.

ಡುಬಾಯ್‌ಗೆ ಉತ್ತರ ಬಂದದ್ದೂ ಕ್ರೈಸ್ತರಿಂದಲೇ. 1824ರಲ್ಲಿ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬ ಪ್ರಾಟೆಸ್ಟೆಂಟರಿಬ್ಬರು ಖಂಡನೆಯ ಪುಸ್ತಕಗಳನ್ನು ಪ್ರಕಟಿಸಿದರು. ಟೌನ್ಲಿ ಲಂಡನ್ ಮಿಷನ್ನಿನವರು, ಅಂದರೆ ಕ್ಯಾಲ್ವಿನ್ ಪರಂಪರೆಯ ಕಡೆಯವರು. ಪೂರ್ವನಿರ್ಣಯವನ್ನು ನಂಬುವವರು ಹಿಂದೂಗಳಿಗೆ ಬಾಗಿಲು ತೆರೆದಿದೆ ಎಂದರು, ಅದನ್ನು ನಂಬಬಾರದ ಕೆಥೊಲಿಕರು ಮುಚ್ಚಿದೆ ಎಂದರು. ನಕ್ಕುಬಿಡುವಂಥ ಅದಲುಬದಲು. ಕ್ಯಾಲ್ವಿನರ ಕಡೆಯವರ ತರ್ಕ ಇಷ್ಟೇ: ಆಯ್ಕೆಯಾದವರು ಯಾರೆಂಬ ಪಟ್ಟಿ ದೇವರಲ್ಲಿದೆ, ನಮ್ಮಲ್ಲಿಲ್ಲ, ಆದ್ದರಿಂದ ಎಲ್ಲರಿಗೂ ಹೇಳಬೇಕು. ಅವರ ಸಿದ್ಧಾಂತವನ್ನು ನಾನು ಒಪ್ಪಲಾರೆ, ಆದರೆ ಈ ಒಂದು ಮಾತಿನಲ್ಲಿ ಡುಬಾಯ್‌ಗಿಂತ ಹೆಚ್ಚು ದೇವಭಯವಿದೆ. ಇನ್ನು ಮೈಸೂರು ಸಂಸ್ಥಾನದಲ್ಲಿ 1821ರಿಂದ ಬೇರೂರಿದ ವೆಸ್ಲಿಯನ್ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿಯಂತೂ ಪೂರ್ವನಿರ್ಣಯ ದೇವರನ್ನು ಸೈತಾನನಿಗಿಂತ ಕ್ರೂರಿಯಾಗಿ ಚಿತ್ರಿಸುತ್ತದೆಂದು ಉಗ್ರವಾಗಿ ಬೋಧಿಸಿದವರು. ಅದೇ ವಿಷಯಕ್ಕೆ ಗೆಳೆಯ ವೈಟ್‌ಫೀಲ್ಡ್ ಅವರಿಂದ ದೂರವಾದರು. ಇಂಗ್ಲೆಂಡಿನಲ್ಲಿ ಹೀಗೆ ಮುಖ ತಿರುಗಿಸಿಕೊಂಡ ಎರಡು ಪರಂಪರೆಗಳು ಕನ್ನಡ ನಾಡಿನಲ್ಲಿ ಒಟ್ಟಿಗೇ ಶಾಲೆ, ಆಸ್ಪತ್ರೆ ನಡೆಸಿದವು. 1947ರಲ್ಲಿ ದಕ್ಷಿಣ ಭಾರತ ಸಭೆಯಾಗಿ ಒಂದಾದವು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹೆತ್ತ ತಾಯಂದಿರಲ್ಲಿ ಯಾರನ್ನೂ ದಾದಿಯರು ನಿನ್ನ ಹೆಸರು ಪಟ್ಟಿಯಲ್ಲಿದೆಯೇ ಎಂದು ಕೇಳಿರಲಾರರು.

ಇಂದಿನ ಕ್ರೈಸ್ತ ಬೋಧಕರು ಸಾಮಾನ್ಯವಾಗಿ ಕೊಡುವ ಉತ್ತರ ಬೇರೆ. ದೇವರು ಯಾರನ್ನೂ ನರಕಕ್ಕೆ ತಳ್ಳುವುದಿಲ್ಲ, ಮನುಷ್ಯನೇ ಅದನ್ನು ಆರಿಸಿಕೊಳ್ಳುತ್ತಾನೆ, ನರಕದ ಬಾಗಿಲಿಗೆ ಅಗಳಿ ಇರುವುದು ಒಳಗಡೆಯಿಂದ ಎಂದು. ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ ಈ ವಾದವನ್ನು ಜನಪ್ರಿಯಗೊಳಿಸಿದರು. ಕೇಳಲು ಸೊಗಸಾಗಿದೆ. ಆದರೆ ಆರಿಸಿಕೊಳ್ಳುವುದಕ್ಕೆ ಅರಿವು ಬೇಡವೇ? ಜಾತ್ರೆಗೆ ಬಂದ ರೈತ ಎರಡು ಎತ್ತುಗಳಲ್ಲಿ ಒಂದನ್ನು ಆರಿಸುವ ಮೊದಲು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡಿಗೆ ನೋಡುತ್ತಾನೆ. 1810ರಲ್ಲಿ ಮುಡುಕುತೊರೆಯ ಒಬ್ಬ ಹೆಂಗಸಿಗೆ ಕ್ರಿಸ್ತನ ಹೆಸರು ಕೇಳಿಸಿದ್ದರೂ ಅದು ತನ್ನ ದೇವರನ್ನು, ತನ್ನ ಕುಲವನ್ನು ಹೀಗಳೆಯುವ ಪರದೇಶಿಯ ಬಾಯಿಂದ. ಅವಳು ನಿರಾಕರಿಸಿದ್ದು ಯಾವುದನ್ನು, ಸತ್ಯವನ್ನೋ, ಹೀಗಳಿಕೆಯನ್ನೋ?

ಈ ಪ್ರಶ್ನೆಗೆ ಇಮಾಮ್ ಗಝ್ಝಾಲಿ (ಮರಣ 1111) ತಮ್ಮ ‘ಫೈಸಲುತ್ತಫ್ರಿಕಾ’ ಎಂಬ ಕಿರುಗ್ರಂಥದಲ್ಲಿ ಉತ್ತರ ಕೊಟ್ಟಿದ್ದಾರೆ. ಪ್ರವಾದಿಯವರ(ಸ) ಹೆಸರನ್ನೇ ಕೇಳದವರು ಕ್ಷಮ್ಯರು. ನಿಜವಾದ ಪರಿಚಯ ದೊರೆತೂ ಅಹಂಕಾರದಿಂದ ತಿರಸ್ಕರಿಸಿದವರು ಹೊಣೆಗಾರರು. ನಡುವೆ ಇನ್ನೊಂದು ಗುಂಪು: ಚಿಕ್ಕಂದಿನಿಂದ ಪ್ರವಾದಿಯವರನ್ನು(ಸ) ವಂಚಕನೆಂದೇ ಕೇಳಿ ಬೆಳೆದವರು. ಇವರೂ ಮೊದಲನೆಯವರಂತೆಯೇ, ಏಕೆಂದರೆ ವಿಕೃತ ವರ್ಣನೆ ವಿಚಾರ ಮಾಡಲು ಪ್ರೇರಣೆ ಕೊಡುವುದಿಲ್ಲ ಎಂದರು ಗಝ್ಝಾಲಿ. ತಮ್ಮ ಕಾಲದ ರೋಮನ್ ಕ್ರೈಸ್ತರಲ್ಲಿ ಮತ್ತು ತುರ್ಕರಲ್ಲಿ ಹೆಚ್ಚಿನವರು ಅಲ್ಲಾಹನ ಕಾರುಣ್ಯದ ವ್ಯಾಪ್ತಿಗೆ ಬರುವರೆಂದೂ ಆಶಿಸಿದರು. ಮೊದಲ ಶಿಲುಬೆಯುದ್ಧದ ಸೈನ್ಯ ಜೆರುಸಲೇಮನ್ನು ಹಿಡಿದ (1099) ಆಸುಪಾಸಿನ ದಿನಗಳಲ್ಲಿ ಬದುಕಿದ್ದ ವ್ಯಕ್ತಿಯ ಮಾತಿದು. ಕೆಥೊಲಿಕ್ ಚರ್ಚು ಇದಕ್ಕೆ ಹತ್ತಿರದ ಮಾತನ್ನು, ತನ್ನದಲ್ಲದ ತಪ್ಪಿನಿಂದ ಸುವಾರ್ತೆಯನ್ನು ಅರಿಯದವನೂ ರಕ್ಷಣೆ ಹೊಂದಬಹುದೆಂಬುದನ್ನು, 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಸ್ಪಷ್ಟವಾಗಿ ಘೋಷಿಸಿತು.

ಇಷ್ಟು ಹೇಳಿ ಎದೆಯುಬ್ಬಿಸಿಕೊಳ್ಳುವಂತಿಲ್ಲ. ಮನುಷ್ಯನಿಗೆ ಯಾವ ಸ್ವಾತಂತ್ರ್ಯವೂ ಇಲ್ಲ, ಎಲ್ಲ ಅಲ್ಲಾಹನ ನಿರ್ಣಯವೆಂಬ ವಾದ ನಮ್ಮಲ್ಲೂ ಬೇಗನೆ ತಲೆಯೆತ್ತಿತು. ಉಮಯ್ಯಾ ಅರಸರಿಗೆ ಅದು ಹಿತವಾಗಿತ್ತು. ತಮ್ಮ ದಬ್ಬಾಳಿಕೆಯೂ ದೈವೇಚ್ಛೆಯೇ ಎನ್ನಬಹುದಲ್ಲ! ಮನುಷ್ಯ ತನ್ನ ಕೃತ್ಯಕ್ಕೆ ತಾನೇ ಹೊಣೆ ಎಂದ ಮಅಬದ್ ಅಲ್ ಜುಹನಿ ಮತ್ತು ಗೈಲಾನ್ ಅದ್ದಿಮಶ್ಕಿ ಆ ಕಾಲದಲ್ಲಿ ತಲೆ ಕಳೆದುಕೊಂಡರು. ಮುಅತಝಿಲಿಗಳು ಇಚ್ಛಾಸ್ವಾತಂತ್ರ್ಯವನ್ನು ಎತ್ತಿಹಿಡಿದರು; ಅವರ ಕೈಗೆ ಅಧಿಕಾರ ಬಂದಾಗ ಮತ್ತೊಬ್ಬರ ಸ್ವಾತಂತ್ರ್ಯ ಮರೆತು ಇಮಾಮ್ ಅಹ್ಮದ್ ಬಿನ್ ಹಂಬಲರಿಗೆ ಚಾಟಿಯೇಟು ಕೊಡಿಸಿದರು. ಅಶ್ಅರಿಗಳು ಕೃತ್ಯವನ್ನು ಸೃಷ್ಟಿಸುವವನು ಅಲ್ಲಾಹನು, ಗಳಿಸಿಕೊಳ್ಳುವವನು ಮನುಷ್ಯ ಎಂದು ಸಂಧಾನ ಮಾಡಿದರು. ಹಾಗೆಂದರೇನೆಂದು ಇಂದಿಗೂ ಮದ್ರಸದ ವಿದ್ಯಾರ್ಥಿಗಳು ತಲೆ ಕೆರೆದುಕೊಳ್ಳುತ್ತಾರೆ. ನರಕವೇ ಒಂದು ದಿನ ಕೊನೆಗೊಳ್ಳುವುದೋ ಎಂಬ ಚರ್ಚೆಯನ್ನು ಇಬ್ನುಲ್ ಕಯ್ಯಿಮ್ (ಮರಣ 1350) ಅವರಂಥ ಕಟ್ಟುನಿಟ್ಟಿನ ವಿದ್ವಾಂಸರೂ ಪುಟಗಟ್ಟಲೆ ಮಾಡಿದ್ದಾರೆ. ಅವರು ಅಂಜದೆ ಕೇಳಿದ ಪ್ರಶ್ನೆಯನ್ನು ಕೇಳಲು ನಾವು ಅಂಜುತ್ತೇವೆ.

ನೆರೆಯ ಸೋಸಲೆಗೂ ಒಂದು ಹೆಜ್ಜೆ ಹೋಗಿಬರೋಣ. ಅಲ್ಲಿ ವ್ಯಾಸರಾಜ ಮಠವಿದೆ, ಮಧ್ವಾಚಾರ್ಯರ ಪರಂಪರೆಯದು. ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ಮೂರು ಬಗೆಯೆಂದೂ ಕೊನೆಯವರಿಗೆ ಅಂಧಂತಮಸ್ಸು ಶಾಶ್ವತವೆಂದೂ ಮಾಧ್ವರು ಹೇಳುತ್ತಾರೆ. ಇದನ್ನು ಕಂಡು ಕೆಲವು ಪಾಶ್ಚಾತ್ಯ ವಿದ್ವಾಂಸರು ಕ್ರೈಸ್ತ ಪ್ರಭಾವವೆಂದು ಊಹಿಸಿದ್ದುಂಟು, ಆಧಾರ ಸಾಲದು. ಅಲ್ಲದೆ ಒಂದು ದೊಡ್ಡ ವ್ಯತ್ಯಾಸವಿದೆ. ಮಧ್ವರ ಮತದಲ್ಲಿ ಜೀವ ಅನಾದಿ, ಅದರ ಸ್ವಭಾವವೂ ಅನಾದಿ. ವಿಷ್ಣು ಅದನ್ನು ಶೂನ್ಯದಿಂದ ಮಾಡಿದವನಲ್ಲ. ಕೆಟ್ಟ ಬೀಜ ಕೆಟ್ಟ ಬೆಳೆ ಕೊಟ್ಟರೆ ಅದನ್ನು ಬಿತ್ತಿದವನ ಮೇಲೆ ಬೀಜ ಮಾಡಿದ ಹೊಣೆಯಿಲ್ಲ. ಆ ಸಿದ್ಧಾಂತವೂ ನನಗೆ ಒಪ್ಪಿಗೆಯಲ್ಲ, ಆದರೂ ದೇವರ ನ್ಯಾಯಕ್ಕೆ ಅದರಲ್ಲೊಂದು ಕಾವಲಿದೆ. ಕ್ರೈಸ್ತರಿಗೂ ನಮಗೂ ಆ ಕಾವಲಿಲ್ಲ. ನಮ್ಮ ದೇವರು ಏನೂ ಇಲ್ಲದಲ್ಲಿಂದ ಸೃಷ್ಟಿಸಿದವನು. ಮಣ್ಣೂ ಅವನದೇ, ತಿಗರಿಯೂ ಅವನದೇ. ಅಂಥವನ ಹೆಸರಿನಲ್ಲಿ ಒಂದು ಜನಾಂಗ ನರಕಕ್ಕೆಂದೇ ಇದೆ ಎಂದರೆ ಆರೋಪ ಹೋಗಿ ಮುಟ್ಟುವುದು ಯಾರನ್ನು?

ಡುಬಾಯ್ ಇಚ್ಛಾಸ್ವಾತಂತ್ರ್ಯಕ್ಕೆ ಮಾಡಿದ ಅನ್ಯಾಯಕ್ಕಿಂತ ದೇವರ ಪರಮಾಧಿಕಾರಕ್ಕೆ ಮಾಡಿದ ಅನ್ಯಾಯ ದೊಡ್ಡದೆಂದು ನಾನನ್ನುವುದು ಇದಕ್ಕೇ. ಪರಮಾಧಿಕಾರಿಯ ತೀರ್ಪನ್ನು ತೀರ್ಪಿನ ದಿನಕ್ಕೆ ಮೊದಲೇ ಓದಿ ಹೇಳಿದ ಗುಮಾಸ್ತನನ್ನು ಯಾವ ನ್ಯಾಯಾಲಯ ಕೆಲಸದಲ್ಲಿಟ್ಟುಕೊಳ್ಳುತ್ತದೆ? ಇಂಥ ಗುಮಾಸ್ತರು ಈಗ ನಮ್ಮ ಮನೆಗಳಲ್ಲೂ ಹುಟ್ಟಿಕೊಂಡಿದ್ದಾರೆ. ಯಾರೋ ಮುಸ್ಲಿಮೇತರ ಕಲಾವಿದರು, ರಾಜಕಾರಣಿಗಳು ತೀರಿಕೊಂಡ ಸುದ್ದಿ ಮೊಬೈಲಿನಲ್ಲಿ ಬಂದ ಕೂಡಲೇ ಅದರ ಕೆಳಗೆ ಜಹನ್ನಮಿಗೆ ಹೋಗಲಿ ಎಂದು ಅರಬಿಯಲ್ಲಿ ಬರೆದು ಪುಣ್ಯ ಕಟ್ಟಿಕೊಂಡೆವೆಂದು ನಂಬುವ ಹುಡುಗರು. 2020-21ರಲ್ಲಿ ಕೊರೊನಾದಿಂದ ಸತ್ತವರ ಹತ್ತಿರ ಅವರ ಬಂಧುಗಳೇ ಸುಳಿಯಲು ಹೆದರಿದಾಗ, ಜಾತಿ ಧರ್ಮ ನೋಡದೆ ಹೆಣ ಹೊತ್ತು ಅವರವರ ಪದ್ಧತಿಯಂತೆ ಸಂಸ್ಕಾರಕ್ಕೆ ನೆರವಾದವರೂ ನಮ್ಮ ಹುಡುಗರೇ. ಚಿತೆಯ ತನಕ ಹೆಗಲು ಕೊಟ್ಟವನಿಗೆ ಆ ಸತ್ತವರ ಪರಲೋಕದ ಬಗ್ಗೆ ಬರೆಯಲು ಕೈ ಬರುತ್ತದೆಯೇ, ಕೇಳಿ ನೋಡಿ.

ಡುಬಾಯ್‌ರವರ ಕೈಗಳೂ ಅವರ ಪತ್ರವನ್ನು ಒಪ್ಪಿರಲಿಲ್ಲವೆಂದೇ ತೋರುತ್ತದೆ. ಮೈಸೂರು ಸೀಮೆಯಲ್ಲಿ ಸಿಡುಬು ಊರೂರನ್ನು ಗುಡಿಸುತ್ತಿದ್ದ ಕಾಲದಲ್ಲಿ, 1803-04ರಲ್ಲಿ, ದೇವಿ ಹಾಕಿಸುವ ಹೊಸ ಪದ್ಧತಿಯನ್ನು ಜನರಿಗೆ ಒಪ್ಪಿಸಲು ಅವರು ದುಡಿದರು. 25,000ಕ್ಕೂ ಹೆಚ್ಚು ಮಂದಿಗೆ ಹಾಕಿಸಿದ ಲೆಕ್ಕ ಸಿಗುತ್ತದೆ. ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬಡವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಶಾಶ್ವತವಾಗಿ ಶಪಿಸಲ್ಪಟ್ಟ ಮಕ್ಕಳ ತೋಳಿಗೆ ಸಿಡುಬಿನ ಲಸಿಕೆ ಏಕೆ ಬೇಕಿತ್ತು?

1823ರ ಜನವರಿಯಲ್ಲಿ, ಕಂಪೆನಿ ಸರಕಾರ ಕೊಟ್ಟ ಪಿಂಚಣಿಯೊಂದಿಗೆ ಅವರು ಭಾರತವನ್ನು ಬಿಟ್ಟರು. ಮತ್ತೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ಅವರು ಸೇರಿದ್ದು ವಿದೇಶಗಳಿಗೆ ಪಾದ್ರಿಗಳನ್ನು ತಯಾರು ಮಾಡುವ ಅದೇ ಮಿಷನ್ ಸೆಮಿನರಿಗೆ. ನಿರ್ದೇಶಕರಾದರು, 1836ರಿಂದ ಮೂರು ವರ್ಷ ಅದರ ಮುಖ್ಯಸ್ಥರೂ ಆದರು, 1848ರಲ್ಲಿ ತೀರಿಕೊಂಡರು. ಯಾವ ದೇಶದ ಜನರಿಗೆ ರಕ್ಷಣೆಯ ಕಾಲ ಮುಗಿಯಿತೆಂದು ಬರೆದಿದ್ದರೋ ಆ ದೇಶಕ್ಕೆ ಹೊಸ ಪಾದ್ರಿಗಳನ್ನು ತಾವೇ ನಿಂತು ಕಳುಹಿಸಿಕೊಟ್ಟರು. ಅವರಲ್ಲೊಬ್ಬರಾದ ಶಾರ್ಬೊನ್ನೊ ಮೈಸೂರು ಸೀಮೆಗೆ ಬಂದು, ಇಲ್ಲಿಯೇ ಬಿಷಪ್ಪರಾಗಿ ದಶಕಗಳ ಕಾಲ ಕೆಲಸ ಮಾಡಿದರು.